ಮಾಜಿ ಅನ್ನೋ ಪರ್ಮನೆಂಟ್ ಪೋಸ್ಟು

ಹೋದ್ ಭಾನುವಾರ ಬೆಳಿಗ್ಗೆ ಇನ್ನೂ ಹಲ್ಲುಜ್ಜಿರ್ಲಿಲ್ಲ, ಊರಿನ ವಾಟ್ಸಾಪ್ ಗ್ರೂಪಲ್ಲಿ ಒಂದು ಫ್ಲೆಕ್ಸ್ ಫೋಟೋ ಬಂದು ಬಿತ್ತು. ‘ರಾಜಕಾರಣ, ಆಡಳಿತ, ನಾಯಕತ್ವ: ಮಾಜಿ ಅಧ್ಯಕ್ಷರ ಮನದಾಳದ ಮಾತು. ಸ್ಥಳ ಸಮುದಾಯ ಭವನ. ಊಟದ ವ್ಯವಸ್ಥೆ ಇದೆ.’ ನಾನು ತುಮಕೂರಲ್ಲಿ ರೂಮ್ ಮಾಡ್ಕೊಂಡಿರೋನು, ನಿದ್ದೆಗಣ್ಣು ಬೇರೆ, ಯಾವ್ದೋ ದೇಶದ ಮಾಜಿ ಅಧ್ಯಕ್ಷರೇ ಇರ್ಬೇಕು, ಒಬಾಮಾ ಏನಾದ್ರೂ ಶಿರಾ ಕಡೆ ಬಂದ್ಬಿಟ್ರಾ ಅಂತ ಝೂಮ್ ಮಾಡ್ದೆ. ನೋಡಿದ್ರೆ ನಮ್ ಪಂಚಾಯ್ತಿ ಮಾಜಿ. ಬಿಳಿ ಶರ್ಟು, ಕೂಲಿಂಗ್ ಗ್ಲಾಸು, ಒಂದ್ ಕೈ ಕಿವಿ ಹತ್ರ ಫೋನ್ ಹಿಡ್ಕೊಂಡಿದೆ, ಸುತ್ತ ಹದಿನಾಲ್ಕು ಸಣ್ಣ ಸಣ್ಣ ತಲೆ ‘ಶುಭ ಕೋರುವವರು’ ಅಂತ, ಅದ್ರಲ್ಲಿ ಎರಡು ತಲೆ ತೀರ್ಕೊಂಡಿರೋರ್ದು. ಹಳೇ ಫ್ಲೆಕ್ಸಿಂದ ಕಾಪಿ ಮಾಡವ್ರೆ, ಸತ್ತೋರ್ನ ತೆಗ್ಯೋಕೆ ಮರ್ತವ್ರೆ.

ಊಟದ ವ್ಯವಸ್ಥೆ ಅಂದ್ಮೇಲೆ ಮನದಾಳದ ಮಾತು ಕೇಳೋದು ನಮ್ ಕರ್ತವ್ಯ ಅಲ್ವಾ, ಬಸ್ ಹತ್ತಿ ಸೀಬಿ, ಕಳ್ಳಂಬೆಳ್ಳ ದಾಟಿ ಶಿರಾದಲ್ಲಿಳ್ದು ಅಲ್ಲಿಂದ ಆಟೋ ಹಿಡಿದು ಹೋದೆ.

ಮೊದ್ಲು ಅವ್ರ ಬೊಲೆರೋ ಬಗ್ಗೆ ಹೇಳ್ಬೇಕು, ಇಲ್ಲ ಅಂದ್ರೆ ಮನುಷ್ಯ ಅರ್ಥ ಆಗಲ್ಲ. ಅದ್ರ ಮುಂದ್ಗಡೆ ಒಂದ್ ಕೆಂಪು ಬೋರ್ಡು. ಅದ್ರಲ್ಲಿ ‘ಮಾಜಿ’ ಅನ್ನೋದು ಇರುವೆ ಸೈಜು, ‘ಅಧ್ಯಕ್ಷರು’ ಅನ್ನೋದು ಎಮ್ಮೆ ಸೈಜು, ಆಮೇಲೆ ಪಂಚಾಯ್ತಿ ಹೆಸ್ರು ಮತ್ತೆ ಇರುವೆ. ಎಲ್ರೂ ಹಂಗೇ ಬರೆಸ್ಕೊಳ್ತಾರೆ ಬಿಡಿ. ಆದ್ರೆ ನಮ್ಮೋರ್ದು ಸ್ಪೆಷಲ್ಲು, ಯಾಕಂದ್ರೆ ಬಿಸ್ಲಿಗೆ ಮಳೆಗೆ ಸಿಕ್ಕಿ ‘ಮಾ’ ಉದುರೋಯ್ತು. ಈಗ ಬರೀ ‘ಜಿ ಅಧ್ಯಕ್ಷರು’ ಅಂತೈತೆ. ನಮ್ ಕಡೆ ಜಿ. ಅಂದ್ರೆ ಜಿಲ್ಲೆ ಅಂತ ಯಾರ್ಗೆ ಗೊತ್ತಿಲ್ಲ ಹೇಳಿ? ಟೋಲ್ ಗೇಟ್ ಹುಡುಗರು ಎದ್ದು ನಿಂತು ಸಲಾಂ ಹೊಡ್ದು ಬಿಡ್ತಾರೆ. ಒಂದು ಅಕ್ಷರ ಉದುರಿದ್ದಕ್ಕೆ ಮನುಷ್ಯ ಗ್ರಾಮದಿಂದ ಸೀದಾ ಜಿಲ್ಲೆಗೆ ಪ್ರಮೋಷನ್ನು, ಮಧ್ಯದಲ್ಲಿ ತಾಲ್ಲೂಕೂ ಇಲ್ಲ. ಪೇಂಟರ್ ಹುಡುಗ ಒಂದ್ಸಲ ‘ಅಣ್ಣ ಆ ಮಾ ಅಂಟಿಸ್ಕೊಡ್ಲಾ, ದುಡ್ಡೇನ್ ಬ್ಯಾಡ’ ಅಂದಿದ್ದಕ್ಕೆ ಅವ್ನ ಜೊತೆ ಎರಡು ತಿಂಗ್ಳು ಮಾತು ಬಿಟ್ಟಿದ್ರು.

ಈಗ ಪ್ಯಾಟೆಯೋರಿಗೋಸ್ಕರ ಸ್ವಲ್ಪ ಲೆಕ್ಕ, ನಮ್ಮಲ್ಲಿ ಮಾಜಿಗಳು ಹೆಂಗೆ ತಯಾರಾಗ್ತಾರೆ ಅಂತ. ಪಂಚಾಯ್ತಿ ಮೆಂಬರ್ ಅವಧಿ ಐದು ವರ್ಷ. ಅಧ್ಯಕ್ಷರ ಅವಧಿ 30 ತಿಂಗಳು, ಅಂದ್ರೆ ಐದು ವರ್ಷಕ್ಕೆ ಕಾನೂನು ಪ್ರಕಾರ ಇಬ್ರು ಅಧ್ಯಕ್ಷರು. ಕಾನೂನು ಪ್ರಕಾರ ಅಷ್ಟೇ. 2020ರ ಡಿಸೆಂಬರ್ ಎಲೆಕ್ಷನ್ನಲ್ಲಿ ನಮ್ಮಲ್ಲಿ ಗೆದ್ದೋರು 15 ಜನ, ಪಾರ್ಟಿ ಚಿಹ್ನೆ ಇಲ್ಲ, ಒಬ್ರು ಆಟೋ ಒಬ್ರು ಕುಕ್ಕರ್ರು ಅಂತ ಗೆದ್ದೋರು, ಅಧ್ಯಕ್ಷರಾಗ್ಬೇಕು ಅಂದ್ರೆ ಎಂಟು ತಲೆ ಬೇಕು. ಎಂಟು ತಲೆಗಳ್ನ ಒಂದು ಟಿಟಿ ಗಾಡೀಲಿ ತುಂಬ್ಕೊಂಡು ಟೂರು ಹೊಡೆದ್ರು, ಆ ಕಡೆ ಪಾರ್ಟಿಯೋರ ಫೋನ್ ಎತ್ತಬಾರ್ದು ಅಂತ ಎಲ್ಲಾರ ಮೊಬೈಲು ಒಂದು ಬಿಗ್‌ಶಾಪರ್ ಬ್ಯಾಗಲ್ಲಿ ಹಾಕಿ ಗಂಟು ಕಟ್ಟಿದ್ರು. ಆದ್ರೆ ಎಂಟು ಜನದಲ್ಲಿ ಅಧ್ಯಕ್ಷ ಆಗ್ಬೇಕು ಅನ್ನೋರು ಮೂರು ಜನ. ಭಾಗಾಕಾರ ಮಾಡಿ, ತಲೆಗೆ ಹತ್ತು ತಿಂಗಳು. ಈ ಹತ್ತು ತಿಂಗಳಿನ ಒಪ್ಪಂದ ಪಂಚಾಯತ್ ರಾಜ್ ಕಾಯ್ದೇಲಿ ಎಲ್ಲೂ ಇಲ್ಲ. ಧರ್ಮಸ್ಥಳದಲ್ಲಿ ಐತೆ. ಮಂಜುನಾಥನ ಮುಂದೆ ನಿಂತು ಆಣೆ ಮಾಡಿಸ್ಕೊಂಡು, ತಾರೀಕಿಲ್ಲದ ರಾಜೀನಾಮೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡು ಊರಿನ ಯಜಮಾನ್ರ ಬೀರುವಲ್ಲಿ ಇಟ್ಟವ್ರೆ.

ಒಂಬತ್ತನೇ ತಿಂಗ್ಳು ಮುಗಿಯೋಕೂ ಎಲ್ಲಾ ಅಧ್ಯಕ್ಷರಿಗೂ ಒಂದು ಜ್ಞಾನೋದಯ ಆಗ್ತದೆ. ‘ನಂಗೇನೂ ಆಸೆ ಇಲ್ಲ ಕಣ್ರಪ್ಪಾ, ಆದ್ರೆ ಜನ ಬಿಡ್ತಿಲ್ಲ, ಮುಂದುವರೀರಿ ಅಂತವ್ರೆ.’ ಯಾವ ಜನ ಅಂತ ಇಲ್ಲೀವರ್ಗೂ ಯಾರೂ ಕಂಡಿಲ್ಲ. ರಾಜೀನಾಮೆನ ಮಧುಗಿರಿ ಎಸಿ, ಅಂದ್ರೆ ಅಸಿಸ್ಟೆಂಟ್ ಕಮಿಷನರ್, ಆಫೀಸಿಗೆ ಕೊಡ್ಬೇಕು, ಕೊಟ್ ಮೇಲೂ ಹತ್ತು ದಿನದೊಳಗೆ ವಾಪಸ್ ತಗೋಬೋದು, ಹಂಗಾಗಿ ಬೆಳಿಗ್ಗೆ ಆಣೆಗೆ ಹೆದ್ರಿ ಕೊಡೋದು, ಸಾಯಂಕಾಲ ಹೆಂಡ್ತಿ ಕಡೆಯೋರು ಧೈರ್ಯ ಹೇಳಿದ್ಮೇಲೆ ವಾಪಸ್ ತಗೊಳೋದು. ಕೊನೆಗೆ ಅವಿಶ್ವಾಸ, ಮತ್ತೆ ಟಿಟಿ ಗಾಡಿ, ಮತ್ತೆ ಬಿಗ್‌ಶಾಪರ್ ಬ್ಯಾಗು. ಇಬ್ರು ಇರ್ಬೇಕಾಗಿದ್ದ ಐದು ವರ್ಷದಲ್ಲಿ ನಮ್ ಪಂಚಾಯ್ತಿ ಒಟ್ಟು ಆರು ಮಾಜಿಗಳ್ನ ಹೆತ್ತು ಕೊಡ್ತು. ಹಿಂದಿನ ಬ್ಯಾಚಿನೋರು ಬೇರೆ. ಈಗ ಶಿರಾ ಬಸ್ಟ್ಯಾಂಡಲ್ಲಿ ನಿಂತ್ಕೊಂಡು ‘ಅಧ್ಯಕ್ಷ್ರೇ’ ಅಂತ ಒಂದ್ ಕೂಗು ಹಾಕಿದ್ರೆ ಬಸ್ ಡ್ರೈವರ್ ಸಮೇತ ಹನ್ನೊಂದು ಜನ ತಿರುಗಿ ನೋಡ್ತಾರೆ.

ಮೇಲಕ್ಕೆ ಹೋದ್ರೆ ಇನ್ನೂ ಮಜಾ. ಜಿಲ್ಲಾ ಪಂಚಾಯ್ತಿ ತಾಲ್ಲೂಕ್ ಪಂಚಾಯ್ತಿಗೆ 2016ರಲ್ಲಿ ಎಲೆಕ್ಷನ್ ಆಗಿದ್ದು, 2021ರಲ್ಲಿ ಅವಧಿ ಮುಗೀತು, ಆಮೇಲೆ ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಲೆ ಎಲೆಕ್ಷನ್ ಸುದ್ದೀನೇ ಇಲ್ಲ. ಇಡೀ ಜಿಲ್ಲಾ ಪಂಚಾಯ್ತೀಲಿ ಹಾಲಿ ಅನ್ನೋ ಒಂದು ನರಪಿಳ್ಳೆ ಇಲ್ದಂಗೆ ಎಲ್ರೂ ಮಾಜಿ. ನಂಗನ್ಸೋದು ಏನಪ್ಪಾ ಅಂದ್ರೆ, ನಮ್ ವ್ಯವಸ್ಥೇಲಿ ಅಧ್ಯಕ್ಷ ಅನ್ನೋದು ಪೋಸ್ಟೇ ಅಲ್ಲ, ಅದು ಬರೀ ಟ್ರೇನಿಂಗು. ಪೋಸ್ಟು ಅಂದ್ರೆ ಮಾಜಿ. ಅದಕ್ಕೆ ಮೀಸಲಾತಿ ರೋಸ್ಟರ್ ಇಲ್ಲ, ಅವಿಶ್ವಾಸ ಇಲ್ಲ, ಮೂವತ್ತು ತಿಂಗಳೂ ಇಲ್ಲ, ಮೂರ್ ತಲೆಗೆ ಭಾಗ ಮಾಡೋ ಹಂಗೂ ಇಲ್ಲ, ಬೆಂಕಿ ಇಡೋ ತನಕ ಕಾಯಂ. ಅದಾದ್ಮೇಲೂ ಫ್ಲೆಕ್ಸಲ್ಲಿ ಇರ್ಬೋದು, ಮೇಲೆ ಹೇಳಿದ್ನಲ್ಲ.

ಒಂದೇ ಅಪಾಯ ಅಂದ್ರೆ ಮತ್ತೆ ಜನದ ಮುಂದೆ ಹೋಗಿ ಓಟು ಕೇಳೋದು. 2019ರಲ್ಲಿ ಮಾಜಿ ಪ್ರಧಾನಿ ದೇವೇಗೌಡ್ರೇ ನಮ್ ತುಮಕೂರಿಂದ ಲೋಕಸಭೆಗೆ ನಿಂತು ಸೋತ್ರು. ಆ ವಯಸ್ಸಲ್ಲೂ ನಿಂತ್ರಲ್ಲ ಅಂತ ನಮ್ಮಪ್ಪ ಇವತ್ತಿಗೂ ಆಶ್ಚರ್ಯ ಪಡ್ತಾರೆ. ನಮ್ ಮಾಜಿ ಅದ್ರಿಂದ ಕಲ್ತ ಪಾಠ ಬೇರೆ: ನಿಲ್ಲೋಕೇ ಹೋಗ್ಬಾರ್ದು.

ಸರಿ, ಸಮುದಾಯ ಭವನ. ಹನ್ನೊಂದಕ್ಕೆ ಅಂದಿದ್ದು ಒಂದಕ್ಕೆ ಶುರುವಾಯ್ತು, ಹಾರ ಬರ್ಬೇಕಿತ್ತು. ಸ್ವಾಗತ ಭಾಷಣದಲ್ಲೇ ವೇದಿಕೆ ಮೇಲಿರೋ ಮಾಜಿಗಳ್ನೆಲ್ಲ ಹೆಸ್ರು ಹಿಡಿದು ಕರೀಬೇಕು, ಅದಕ್ಕೇ ಇಪ್ಪತ್ತು ನಿಮಿಷ, ಕೆಳಗೆ ಕೂತಿದ್ದೋರಿಗಿಂತ ಮೇಲೆ ಕೂತಿದ್ದೋರೇ ಜಾಸ್ತಿ ಆಗಿ ಕೆಳಗಿನ ಕುರ್ಚಿ ಮೇಲಕ್ಕೆ ಸಾಗಿಸಿದ್ರು. ನಾವು ಜಮಖಾನೆ ಮೇಲೆ ಕೂತ್ವಿ.

ನಮ್ ಮಾಜಿ ಎದ್ರು. ಮೈಕ್ ತಟ್ಟಿದ್ರು. ಮೊದಲ್ನೇದು ರಾಜಕಾರಣ. ‘ರಾಜಕಾರಣ ಅಂದ್ರೆ ಸಾವಿಗೆ ಎಲ್ರಿಗಿಂತ ಮೊದ್ಲು ಹೋಗ್ಬೇಕು, ಮದ್ವೆಗೆ ಎಲ್ರಿಗಿಂತ ಕೊನೇಗೆ ಹೋಗ್ಬೇಕು.’ ತಮಾಷೆಗೆ ಹೇಳ್ತಿಲ್ಲ, ಇದು ನಿಜಕ್ಕೂ ತೂಕದ ಮಾತು. ಸಾವಿನ ಮನೆಗೆ ಮೊದ್ಲು ಹೋದ್ರೆ ಹೆಣದ ತಲೆ ಹತ್ರ ಜಾಗ ಸಿಗ್ತದೆ, ಬಂದೋರೆಲ್ಲ ಮೊದ್ಲು ಹೆಣ ನೋಡ್ತಾರೆ ಆಮೇಲೆ ನಿಮ್ನ ನೋಡ್ತಾರೆ. ಮದ್ವೆಗೆ ಕೊನೇಗೆ ಹೋದ್ರೆ ಊಟಕ್ಕೆ ಕೂತೋರೆಲ್ಲ ಎಲೆ ಬಿಟ್ಟು ಎದ್ದು ನಿಲ್ತಾರೆ. ಅವ್ರು ಇಷ್ಟು ವರ್ಷದಲ್ಲಿ ಎಷ್ಟು ತಿಥಿ, ಎಷ್ಟು ಬೀಗರೂಟ ಅಂತ ಲೆಕ್ಕ ಇಟ್ಟವ್ರಂತೆ. ಗ್ರಾಮಸಭೆ ಎಷ್ಟು ಮಾಡಿದ್ರಿ ಅಂತ ಹಿಂದಿಂದ ಯಾವನೋ ಹುಡುಗ ಕೇಳ್ದ, ಆರು ತಿಂಗಳಿಗೊಂದು ಮಾಡ್ಲೇಬೇಕು ಅಂತ ಕಾನೂನೇ ಐತಲ್ಲ. ‘ಆ ಪ್ರಶ್ನೆ ಕೊನೇಲಿ’ ಅಂದ್ರು.

ಎರಡ್ನೇದು ಆಡಳಿತ. ಇಲ್ಲಿ ಅವ್ರು ಕೊಟ್ಟಿದ್ದು ಒಂದು ನಿಘಂಟು ಅಂತಾನೇ ಹೇಳ್ಬೇಕು. ‘ಆಗಲ್ಲ’ ಅನ್ನೋ ಪದ ಆಡಳಿತದಲ್ಲಿ ಇರ್ಬಾರ್ದಂತೆ. ಬಂದೋರಿಗೆ ‘ಮಾಡಣ’ ಅನ್ಬೇಕು. ಮಾಡಣ ಅಂದ್ರೆ ಮುಂದಿನ ಕ್ರಿಯಾ ಯೋಜನೇಲಿ ಸೇರ್ಸೋ ಯೋಚನೆ ಐತೆ. ‘ಮಾಡಣ ಬಿಡು’ ಅಂದ್ರೆ ಬಿಟ್ಟಿದೀವಿ. ‘ನೋಡಣ’ ಅಂದ್ರೆ ನೋಡೋದೂ ಇಲ್ಲ. ‘ಹೇಳಿದೀನಿ’ ಅಂದ್ರೆ ಯಾರಿಗೂ ಹೇಳಿಲ್ಲ. ‘ಬಿಲ್ ಆಗ್ಬೇಕು’ ಅಂದ್ರೆ ಕೆಲ್ಸ ಆಗಿಲ್ಲ, ‘ಬಿಲ್ ಆಗೈತೆ’ ಅಂದ್ರೂ ಕೆಲ್ಸ ಆಗಿಲ್ಲ. ನಂಗೆ ಆಗ ಹೊಳೀತು, ನಮ್ಮ ತಾಯಿ ಇ-ಸ್ವತ್ತು ಖಾತೆಗೆ ಅಂತ ಅಲೆದ ಒಂದೂವರೆ ವರ್ಷದಲ್ಲಿ ಈ ಆರೂ ಪದಾನ ಇದೇ ಆರ್ಡರಲ್ಲಿ ಕೇಳಿಸ್ಕೊಂಡು ಬಂದಿದ್ರು, ನಾವೇ ವ್ಯಾಕರಣ ಗೊತ್ತಿಲ್ದೆ ಆಸೆ ಇಟ್ಕೊಂಡಿದ್ವಿ.

ಮೂರನೇದು ನಾಯಕತ್ವ, ಅದು ಚಿಕ್ಕದಾಗಿ ಮುಗೀತು. ‘ನಾಯಕ ಆದೋನು ಯಾವ್ ಫೋಟೋದಲ್ಲೂ ಮಧ್ಯದಲ್ಲಿರ್ಬೇಕು. ಸೈಡಲ್ಲಿದ್ರೆ ಕಟ್ ಮಾಡ್ತಾರೆ.’ ಚಪ್ಪಾಳೆ.

ಇಲ್ಲಿ ಒಂದು ವಿಷ್ಯ ಹೇಳೋದು ಮರ್ತಿದ್ದೆ, ಊರಲ್ಲಿ ಎಲ್ರೂ ಮರ್ತಿರೋದ್ರಿಂದ ನಂಗೂ ಮರ್ತೋಯ್ತು. ಇವ್ರು ಮಾಜಿ ಅಧ್ಯಕ್ಷರಲ್ಲ. ನಮ್ ಸೀಟು ಆ ಸಲ ‘ಸಾಮಾನ್ಯ ಮಹಿಳೆ’ ಅಂತ ಬಂದಿತ್ತು. ನಮ್ ರಾಜ್ಯದಲ್ಲಿ 2010ರಿಂದ ಪಂಚಾಯ್ತೀಲಿ ಹೆಂಗಸ್ರಿಗೆ ಅರ್ಧ ಸೀಟು, ಅಧ್ಯಕ್ಷ ಸ್ಥಾನದಲ್ಲೂ. ಹಂಗಾಗಿ ಓಟಿಗೆ ನಿಂತಿದ್ದು, ಗೆದ್ದಿದ್ದು, ಹತ್ತು ತಿಂಗ್ಳು ಅಧ್ಯಕ್ಷೆ ಆಗಿದ್ದು ಇವ್ರ ಮನೆಯೋರು, ನಾವೆಲ್ಲ ಅತ್ಗೆ ಅಂತ ಕರೆಯೋದು. ಕಾನೂನು ಪ್ರಕಾರ ಇವ್ರು ಮಾಜಿ ಅಧ್ಯಕ್ಷೆಯ ಹಾಲಿ ಗಂಡ. ಬೋರ್ಡಲ್ಲಿ ಅಷ್ಟುದ್ದ ಹಿಡಿಯಲ್ಲ.

ಆಮೇಲೆ ಸಂವಾದ. ನಮ್ಮೂರಿನ ರಿಟೈರ್ಡ್ ಮೇಷ್ಟ್ರು ಎದ್ರು, ಎಂಬತ್ತು ದಾಟೈತೆ, ಮಾಜಿಗೆ ಒಂದ್ನೇ ಕ್ಲಾಸಲ್ಲಿ ಅಕ್ಷರ ತಿದ್ದಿಸಿದೋರು. ‘ಅಪ್ಪಾ, ಅಮೆರಿಕದಲ್ಲೂ ಒಬ್ರು ಮಾಜಿ ಅಧ್ಯಕ್ಷರಿದ್ರು, ಜಿಮ್ಮಿ ಕಾರ್ಟರ್ ಅಂತ, ನಮ್ ಥರಾನೇ ಕಡ್ಲೆಕಾಯಿ ಬೆಳೆಯೋರು’ ಅಂತ ಶುರು ಮಾಡಿದ್ರು. ಕಡ್ಲೆಕಾಯಿ ಅಂದ ತಕ್ಷಣ ಜಮಖಾನೆ ಮೇಲಿದ್ದೋರೆಲ್ಲ ನೆಟ್ಟಗೆ ಕೂತ್ರು. ಶಿರಾ ಪಾವಗಡ ಕಡೆಯೋರಿಗೆ ಅಮೆರಿಕ ಗೊತ್ತಿಲ್ದಿದ್ರೂ ಕಡ್ಲೆಕಾಯಿ ಗೊತ್ತು.

‘ಎಷ್ಟೆಕ್ರೆ ಸಾ?’ ಅಂತ ಒಬ್ಬ. ‘ಕ್ವಿಂಟಾಲ್ ಏನ್ ರೇಟು?’ ಅಂತ ಇನ್ನೊಬ್ಬ.

ಮೇಷ್ಟ್ರು ಬಿಡ್ಲಿಲ್ಲ. 1977ರಲ್ಲಿ ಅಧ್ಯಕ್ಷರಾದಾಗ ಆ ಕಡ್ಲೆಕಾಯಿ ವ್ಯಾಪಾರಾನ ಬೇರೆಯೋರ ಕೈಗೆ ಟ್ರಸ್ಟ್ ಮಾಡಿ ಒಪ್ಪಿಸಿ, ಅಧಿಕಾರದಲ್ಲಿದ್ದು ಸ್ವಂತ ವ್ಯಾಪಾರ ನೋಡ್ಕೋಬಾರ್ದು ಅಂತ ದೂರ ಇದ್ರಂತೆ. ನಾಲ್ಕು ವರ್ಷ ಬಿಟ್ಟು ಎಲೆಕ್ಷನ್ ಸೋತು 1981ರಲ್ಲಿ ಪ್ಲೇನ್ಸ್ ಅನ್ನೋ ಸ್ವಂತ ಹಳ್ಳಿಗೆ ವಾಪಸ್ ಬಂದ್ ನೋಡಿದ್ರೆ ಹತ್ತು ಲಕ್ಷ ಡಾಲರ್ ಸಾಲ ಆಗಿತ್ತಂತೆ. ಸಭೆ ಒಂದ್ ನಿಮಿಷ ಗಪ್ ಚುಪ್. ಅಧ್ಯಕ್ಷಗಿರಿ ಮಾಡಿ ಸಾಲ ಮಾಡ್ಕೊಳೋದು ಅಂದ್ರೇನು, ನಮ್ಮಲ್ಲಿ ಯಾರಿಗೂ ಅರ್ಥ ಆಗ್ಲಿಲ್ಲ. ಕೊನೆಗೆ ವೇದಿಕೆ ಮೇಲಿಂದ ಇನ್ನೊಬ್ರು ಮಾಜಿ, ಬಹಳ ಅನುಭವಸ್ಥರು, ಮರುಕದಿಂದ ಹೇಳಿದ್ರು: ‘ಪಾಪ, ಪಿಡಿಒ ಸರಿ ಸಿಕ್ಕಿರಲ್ಲ.’

ಅದೇ ಮನೇಲಿ ಸಾಯೋ ತನಕ ಇದ್ರು, 2024ರ ಡಿಸೆಂಬರಲ್ಲಿ ನೂರು ವರ್ಷ ತುಂಬ್ಸಿ ತೀರ್ಕೊಂಡ್ರು, ಬಡವರಿಗೆ ಮನೆ ಕಟ್ಟೋ ಕಡೆ ಹೋಗಿ ಸುತ್ತಿಗೆ ಹಿಡಿದು ಮೊಳೆ ಹೊಡೀತಿದ್ರು ಅಂತೆಲ್ಲ ಮೇಷ್ಟ್ರು ಹೇಳ್ತಾನೇ ಇದ್ರು. ‘ಎಷ್ಟು ಮನೆ ಸಾ, ಆಶ್ರಯ ಮನೇನಾ?’ ಅಂದ್ರು ಮಾಜಿ, ಕಣ್ಣಲ್ಲಿ ಹೊಳಪು ಬಂತು, ಆಮೇಲೆ ಅವ್ರೇ ಮೊಳೆ ಹೊಡೀತಿದ್ರು ಅಂದಾಗ ಹೊಳಪು ಹೋಯ್ತು. ನಾರು ಹುಣ್ಣಿನ ವಿಷ್ಯ ಬಂತು. ಕೆರೆ ನೀರು ಕುಡಿದ್ರೆ ಬರ್ತಿದ್ದ ಹುಳ, 1986ರಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ 35 ಲಕ್ಷ ಜನಕ್ಕೆ ಇತ್ತು, ಇವ್ರ ಸಂಸ್ಥೆ ಹಿಂದೆ ಬಿದ್ದು ಬಿದ್ದು ಅದನ್ನ ಬೆರಳೆಣಿಕೆಗೆ ತಂದು ನಿಲ್ಲಿಸ್ತು, ಅದೂ ಅಧಿಕಾರ ಹೋದ್ಮೇಲೆ. ಮಾಜಿ ತಲೆ ಆಡಿಸಿದ್ರು. ‘ನಾವೂ ಹುಳ ಹೊಡ್ದಿದೀವಿ ಸಾ, ಟ್ಯಾಂಕಿಗೆ ಬ್ಲೀಚಿಂಗ್ ಪೌಡ್ರು ಹಾಕ್ಸಿ.’ ಆ ಬ್ಲೀಚಿಂಗ್ ಪೌಡ್ರಿನ ಬಿಲ್ಲು ನಂಗೊತ್ತು, ಊರಿಗೆ ಊರೇ ಬೆಳ್ಳಗಾಗ್ಬೇಕಿತ್ತು.

ಶ್ವೇತಭವನದ ಮೇಲೆ 1979ರಲ್ಲೇ 32 ಸೋಲಾರ್ ಪ್ಲೇಟ್ ಹಾಕ್ಸಿದ್ರು, ಆಮೇಲೆ ಬಂದ ಅಧ್ಯಕ್ಷರ ಕಾಲದಲ್ಲಿ ಅದನ್ನ ಇಳಿಸಿಬಿಟ್ರು ಅಂತ ಮೇಷ್ಟ್ರು ಅಂದಾಗ ಮಾತ್ರ ಎಲ್ರಿಗೂ ಅಮೆರಿಕ ಹತ್ರ ಆಯ್ತು. ಹಿಂದಿನ ಅಧ್ಯಕ್ಷ ಹಾಕ್ಸಿದ್ದನ್ನ ಮುಂದಿನೋನು ಕೀಳಿಸೋದು, ಇದು ನಮ್ದೇ ಕಥೆ. ‘ನಮ್ ಪಾವಗಡದಲ್ಲಿ 2,050 ಮೆಗಾವ್ಯಾಟ್ ಐತೆ, 32 ಪ್ಲೇಟ್ ಏನ್ ಮಹಾ’ ಅಂದ ಒಬ್ಬ, ಪಕ್ಕದೋನು ‘ಮೊದ್ಲು ನಮ್ ಅರಳಿಕಟ್ಟೆ ಸೋಲಾರ್ ಲೈಟಿನ ಬ್ಯಾಟ್ರಿ ಯಾರ ಟ್ರ್ಯಾಕ್ಟರಲ್ಲಿ ಐತೆ ಕೇಳು’ ಅಂದ. ಅಲ್ಲಿಗೆ ಆ ವಿಷ್ಯ ಬೇಗ ಮುಗಿಸಿದ್ರು.

ಮೇಷ್ಟ್ರು ಮಾಡಿದ ತಪ್ಪು ಒಂದೇ. ಕೊನೇಲಿ ಮಾತಿನ ಭರದಲ್ಲಿ, 1978ರ ಜನವರೀಲಿ ಕಾರ್ಟರ್ ಹರಿಯಾಣದ ಒಂದು ಹಳ್ಳಿಗೆ ಬಂದಿದ್ರು, ಆ ನೆನಪಿಗೆ ಆ ಹಳ್ಳಿಗೆ ಕಾರ್ಟರ್‌ಪುರಿ ಅಂತಾನೇ ಹೆಸ್ರಿಟ್ರು ಅಂದ್ಬಿಟ್ರು. ಟ್ರಸ್ಟು, ಸಾಲ, ಮೊಳೆ, ಹುಳ ಎಲ್ಲಾ ಕಿವಿ ಮೇಲಿಂದ ಹೋಗಿತ್ತು, ಇದೊಂದು ಮಾತ್ರ ಸೀದಾ ಒಳಗಿಳೀತು. ಹಿಂಬಾಲಕ ಹುಡುಗ್ರು ಅಲ್ಲೇ ಎದ್ದು ಹೊಸ ಲೇಔಟಿಗೆ ಅಧ್ಯಕ್ಷಪುರಿ ಅಂತ ನಾಮಕರಣ ಆಗ್ಬೇಕು ಅಂತ ನಿರ್ಣಯ ಮಂಡಿಸಿದ್ರು, ಚಪ್ಪಾಳೆ ಹೊಡ್ದು ಪಾಸು ಮಾಡಿದ್ರು. ವೇದಿಕೆ ಮೇಲಿದ್ದ ಬಾಕಿ ಮಾಜಿಗಳ ಮುಖ ನೋಡ್ಬೇಕಿತ್ತು. ಒಬ್ರು ಬಸ್ ಶೆಲ್ಟರ್ ಕೇಳಿದ್ರು. ಇನ್ನೊಬ್ರು ಕೆರೆ ಏರಿ. ಹಾಲಿನ ಡೇರಿ ಮಾಜಿ ಅಧ್ಯಕ್ಷರಿಗೆ ಏನೂ ಉಳೀಲಿಲ್ಲ, ಸ್ಮಶಾನದ ಗೇಟ್ ಐತಲ್ಲ ಅಂದಿದ್ದಕ್ಕೆ ಸಿಟ್ಟಾಗಿ ಹಾರ ಬಿಚ್ಚಿಟ್ಟು ಹೋದ್ರು.

ಗಲಾಟೆ ತಣ್ಣಗಾದ್ಮೇಲೆ ಮೇಷ್ಟ್ರು ಸೋತೋರ್ ಥರ ಹಿಂದಕ್ಕೆ ತಿರುಗಿದ್ರು. ಅಲ್ಲಿ ಅತ್ಗೆ ಹೆಂಗಸ್ರ ಜೊತೆ ಕೂತು ಬೆಳ್ಳುಳ್ಳಿ ಬಿಡಿಸ್ತಿದ್ರು, ಕೋಳಿ ಸಾರಿಗೆ. ‘ಅಧ್ಯಕ್ಷೆ ಆಗಿದ್ದೋಳು ನೀನಲ್ವೇನಮ್ಮ, ನೀನೊಂದೆರಡ್ ಮಾತಾಡು’ ಅಂದ್ರು.

‘ಅಯ್ಯೋ ನಂದೇನೈತೆ ಸಾ’ ಅಂದ್ರು ಅತ್ಗೆ, ಕೈ ನಿಲ್ಲಿಸ್ದೇನೇ. ‘ಬಿಲ್ಲಿಗೆ ಒತ್ತೋ ಆ ಡಾಂಗಲ್ಲು ಇವ್ರ ಜೇಬಲ್ಲೇ ಇತ್ತು. ನನ್ ಕೈಲಿದ್ದಿದ್ದು ವಾಲ್ ತಿರುಗ್ಸೋ ರಾಡು ಒಂದೇ. ವಾಟರ್‌ಮ್ಯಾನ್‌ಗೆ ನಾಕ್ ತಿಂಗ್ಳು ಸಂಬಳ ಆಗಿರ್ಲಿಲ್ಲ, ಬರೋದ್ ಬಿಟ್ಟಿದ್ದ, ಮೇಲಿನ್ ಕೇರಿಗೆ ಬೆಳಿಗ್ಗೆ ಕೆಳಗಿನ್ ಕೇರಿಗೆ ಸಾಯಂಕಾಲ ಅಂತ ನಾನೇ ಹೋಗಿ ತಿರುಗಿಸ್ತಿದ್ದೆ.’ ಆಮೇಲೆ ಏನೋ ನೆನಪಾಗಿ ನಕ್ಕರು. ‘ಈಗ್ಲೂ ತಿರುಗಿಸ್ತೀನಿ. ಅವಧಿ ಮುಗೀತು ಅಂತ ರಾಡು ವಾಪಸ್ ಇಸ್ಕೊಳೋಕೆ ಯಾರೂ ಬಂದಿಲ್ಲ.’

ಮೈಕಿಲ್ಲದ ಮಾತು, ವೇದಿಕೆಗೆ ಕೇಳ್ಸಿರಲ್ಲ. ನಿರೂಪಕ ‘ಈಗ ಊಟದ ವಿರಾಮ’ ಅಂತ ಘೋಷಣೆ ಮಾಡ್ದ.

ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರ್ದು. ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗಿದ್ದೇ ಗೊತ್ತು, ಮೂರ್ನೇ ಪಂಕ್ತಿ ಮುಗಿಯೋ ಹೊತ್ಗೆ ಕೈ ತೊಳ್ಯೋಕೆ ಹೋದ್ರೆ ನಲ್ಲೀಲಿ ಬರೀ ಗಾಳಿ. ಡ್ರಮ್ಮೂ ಖಾಲಿ. ನೂರಿಪ್ಪತ್ತು ಜನ ಎಂಜಲು ಕೈ ಮೇಲೆತ್ಕೊಂಡು, ಏನೋ ಪ್ರತಿಜ್ಞಾವಿಧಿ ಸ್ವೀಕರಿಸ್ತಿರೋರ ಥರ ನಿಂತಿದ್ದಾರೆ. ಪಿಡಿಒಗೆ ಫೋನ್ ಹೊಡೆದ್ರೆ ಸ್ವಿಚ್ ಆಫು. ‘ಅಧ್ಯಕ್ಷ್ರೇ ನೀರಿಲ್ಲ’ ಅಂತ ಯಾರೋ ಕೂಗಿದ್ರು, ಆರೂ ಜನ ಮಾಜಿಗಳು ಒಟ್ಟಿಗೆ ‘ಮಾಡಣ ಮಾಡಣ’ ಅಂದ್ರು, ಅರ್ಥ ನಿಮ್ಗೆ ಮೇಲೆ ಕೊಟ್ಟಿದೀನಿ. ಅಷ್ಟೊತ್ತಿಗೆ ಅತ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, ಬಾಗಿಲ ಹಿಂದೆ ಒರಗಿಸಿದ್ದ ರಾಡು ಎತ್ಕೊಂಡು ಟ್ಯಾಂಕ್ ಕಡೆ ಹೊರಟಿದ್ರು. ಮಾಜಿ ಹಿಂದೆ ಓಡಿದ್ರು, ಅವ್ರ ಹಿಂದೆ ಫೋಟೋ ಹುಡುಗ ಓಡ್ದ. ಇಪ್ಪತ್ತು ನಿಮಿಷಕ್ಕೆ ನೀರು ಬಂತು, ನಾನು ಕೈ ತೊಳ್ಕೊಂಡು ಕೊನೇ ಬಸ್ಸಿಗೆ ತುಮಕೂರಿಗೆ ಬಂದೆ.

ಸೋಮವಾರ ಬೆಳಿಗ್ಗೆ ಗ್ರೂಪಲ್ಲಿ ಮತ್ತೆ ಫೋಟೋ. ‘ಮಾಜಿ ಅಧ್ಯಕ್ಷರ ನೇತೃತ್ವದಲ್ಲಿ ಸಮರೋಪಾದಿಯಲ್ಲಿ ನೀರು ಸರಬರಾಜು.’ ಮಧ್ಯದಲ್ಲಿ ಮಾಜಿ, ಕೂಲಿಂಗ್ ಗ್ಲಾಸು, ನೀರಿನ ಕಡೆ ಬೆರಳು ತೋರಿಸ್ತಾ. ಅಭ್ಯಾಸಬಲದಿಂದ ಝೂಮ್ ಮಾಡ್ದೆ. ಬಲಗಡೆ ತುದೀಲಿ, ಕಟ್ ಮಾಡೋದ್ರಲ್ಲಿ ಒಂಚೂರು ಉಳ್ಕೊಂಡುಬಿಟ್ಟೈತೆ, ರಾಡು ಹಿಡಿದಿರೋ ಒಂದು ಕೈ, ಮೊಣಕೈವರ್ಗೂ, ಹಸಿರು ಬಳೆ.